ಎಡಹುಬ್ಬಿನ ಗಾಯ

ಪೊಲೀಸಪ್ಪ ತಂದ ಸಿಸಿಟಿವಿ ಚಿತ್ರದಲ್ಲಿ ಡ್ರೈವರನ ಮುಖ ಕಾಳಿನಷ್ಟಿತ್ತು. ಕಣ್ಣಿಲ್ಲ, ಮೂಗಿಲ್ಲ, ಬರೀ ಒಂದಿಷ್ಟು ಚೌಕಗಳು. ಮೊನ್ನೆ ಶಾಲಾ ಹುಡುಗಿಯೊಬ್ಬಳಿಗೆ ವ್ಯಾನು ಗುದ್ದಿ ಪರಾರಿಯಾದ ಮಹಾಶಯ. ಹುಡುಗಿ ಉಳಿದಿರಲಿಲ್ಲ.

"ದೊಡ್ಡದು ಮಾಡಿ ಕೊಡಮ್ಮಾ. ನಿನ್ನ ಹತ್ರ ಏನೋ ಹೊಸ ಸಾಫ್ಟ್‌ವೇರ್ ಇದೆಯಂತಲ್ಲ."

ಇತ್ತು. ಫೋಟೋ ಸ್ಟುಡಿಯೋದವಳಿಗೆ ಅದರ ಮೇಲೆ ಜಂಬವೂ ಇತ್ತು. ಎಂಥ ಮಸುಕು ಮುಖ ಕೊಟ್ಟರೂ ಇಲ್ಲದ ಚುಕ್ಕೆಗಳನ್ನು ತಾನೇ ತುಂಬಿ ಫಳಫಳ ಹೊಳೆಸುತ್ತಿತ್ತು. ಮುಖ ಹೇಗಿರುತ್ತದೆಂದು ಕಲಿಸಲು ಸ್ಟುಡಿಯೋದ ಹಳೆಯ ಫೋಟೋಗಳನ್ನೆಲ್ಲ ಅವಳೇ ಅದಕ್ಕೆ ಉಣಿಸಿದ್ದಳು.

ಗುಂಡಿ ಒತ್ತಿದಳು. ಚೌಕಗಳು ಕರಗಿ ಮುಖ ಮೂಡಿತು. ಅವಳ ತಮ್ಮ! ಚಿಕ್ಕಂದಿನಲ್ಲಿ ಬಾಗಿಲು ಬಡಿದು ಎಡಹುಬ್ಬಿನ ಮೇಲಾದ ಗಾಯದ ಗುರುತಿನ ಸಮೇತ. ಅವನು ಓಡಿಸುವುದೂ ವ್ಯಾನೇ.

ಅವಳು ಪರದೆ ಆರಿಸಲು ಕೈ ಚಾಚುವಷ್ಟರಲ್ಲಿ ಪೊಲೀಸಪ್ಪ ಮೊಬೈಲಿನಲ್ಲಿ ಪರದೆಯ ಫೋಟೋ ಹೊಡೆದುಕೊಂಡು ಯಾರ್ಯಾರಿಗೋ ಕಳಿಸಿಯೂ ಆಯಿತು. "ಆ ಹುಡುಗೀದೂ ಒಂದಿದೆ, ಸ್ಕೂಲ್ ಗ್ರೂಪ್ ಫೋಟೋ. ಅವರಪ್ಪನಿಗೆ ದೊಡ್ಡದು ಬೇಕಂತೆ, ಪಾಪ," ಎಂದು ಇನ್ನೊಂದು ಚಿತ್ರ ಕೊಟ್ಟು ಹೋದ.

ಇರುವೆಗೂ ದಾರಿ ಬಿಡುವ ತಮ್ಮ ಹೀಗೆ ಮಾಡಿಯಾನೇ? ಆದರೆ ಮೊನ್ನೆಯಿಂದ ಮಂಕಾಗಿದ್ದನಲ್ಲ. ಹಲ್ಲುನೋವು ಎಂದಿದ್ದ, ನಿಜವೇ? ಹೊಕ್ಕ ಅನುಮಾನ ಒಳಗೇ ಕೊರೆಯತೊಡಗಿತು. ಬೇರೇನೂ ತೋಚದೆ, ಹುಡುಗಿಯ ಚಿತ್ರವನ್ನು ಹಾಕಿದಳು.

ಎರಡು ಜಡೆಯ ಹುಡುಗಿ ಮೂಡಿದಳು. ಕಣ್ಣು ತಮ್ಮನದು. ಎಡಹುಬ್ಬಿನ ಮೇಲೆ ಅದೇ ಗಾಯ.

ಆಗ ಹೊಳೆಯಿತು. ಗಿರಾಕಿ ಬರುವ ಮುಂಚೆ ಲೈಟು ಸರಿಯಿದೆಯೇ ಎಂದು ನೋಡಲು ಪ್ರತಿ ಸಲ ತಮ್ಮನನ್ನೇ ಸ್ಟೂಲಿನ ಮೇಲೆ ಕೂರಿಸುವುದು ಅವಳ ರೂಢಿ. ಆ ಫೋಟೋಗಳನ್ನು ಬೇರ್ಪಡಿಸದೆ ರಾಶಿರಾಶಿ ಉಣಿಸಿಬಿಟ್ಟಿದ್ದಳು. ಯಂತ್ರಕ್ಕೆ ಮುಖವೆಂದರೆ ತಮ್ಮನ ಮುಖ. ಕಾಣದ್ದನ್ನೆಲ್ಲ ಅವನಿಂದಲೇ ತುಂಬುತ್ತಿತ್ತು, ಹಾಳಾದ್ದು!

ಹೋದ ಜೀವ ಬಂದಂತಾಯಿತು. ಅವನನ್ನು ಶಂಕಿಸಿದ್ದಕ್ಕೆ ನಾಚಿಕೆಯೂ ಆಯಿತು. ಪೊಲೀಸಪ್ಪನಿಗೆ ಫೋನ್ ಮಾಡಿದರೆ ಎತ್ತಲಿಲ್ಲ. ತಮ್ಮನಿಗೆ ಮಾಡಿದಳು.

"ಅಕ್ಕಾ, ನಾನೇ ಮಾಡ್ಬೇಕು ಅಂತಿದ್ದೆ," ಎಂದ ಅವನು ನಗುತ್ತ. "ಯಾರೋ ಒಂದಷ್ಟು ಜನ ವ್ಯಾನ್ ಹತ್ರ ಬಂದಿದ್ದಾರೆ. ಮೊಬೈಲಲ್ಲಿ ನನ್ನ ಫೋಟೋ ಇದೆ ಕಣಕ್ಕಾ. ನೀನು ತೆಗೆದಿದ್ದೇ ಇರ್ಬೇಕು, ಎಷ್ಟು ಚೆನ್ನಾಗಿ ಬಂದಿದೆ!"

"ಬಾಗಿಲು ಹಾಕ್ಕೊಳೋ!" ಎಂದು ಅವಳು ಕಿರುಚಿದಳು.

"ಯಾಕೆ?" ಎಂದವನು, ಆ ಕಡೆ ಇನ್ಯಾರಿಗೋ ತಿರುಗಿ, "ಹೌದು ಸಾರ್, ಇದು ನಾನೇ," ಎಂದ.