ಎದುರಿನಿಂದ ಬಂದ ಸುತ್ತು

ನಮ್ಮ ಹೆಣಿಗೆ ಬಳಗದ ಗೋಡೆಯ ಮೇಲೆ ‘ಬಲ್ಲದ್ದನ್ನು ಹಂಚಿಕೊಳ್ಳೋಣ’ ಎಂದು ಬಣ್ಣದ ದಾರದಲ್ಲಿ ಹೊಲಿದ ಫಲಕವಿದೆ. ಆ ಅಕ್ಷರಗಳನ್ನು ಯಾವ ಹೊಲಿಗೆಯಲ್ಲಿ ತೆಗೆದಿರಿ ಎಂದು ಸೇರಿದ ಹೊಸದರಲ್ಲಿ ಕೇಳಿದ್ದೆ. ಹೊಲಿದಾಕೆ ನಕ್ಕು, ಮುಂದಿನ ವಾರ ತೋರಿಸುತ್ತೇನೆ ಎಂದರು. ಆ ಮುಂದಿನ ವಾರ ಇನ್ನೂ ಬಂದಿಲ್ಲ.

ಗ್ರಂಥಾಲಯದ ಮಹಡಿಯ ಕೋಣೆಯಲ್ಲಿ ಶನಿವಾರ ಮಧ್ಯಾಹ್ನ ಸೇರುತ್ತೇವೆ. ಅಲ್ಲಿ ಹಂಚಿಕೆಯ ಕ್ರಮವೇ ಬೇರೆ. ಸ್ವೆಟರಿನ ತೋಳು ಹೇಳಿಕೊಡುವವರು ಕುತ್ತಿಗೆಯ ತಿರುವು ಬಂದಾಗ ಚಹಾಕ್ಕೆ ಏಳುತ್ತಾರೆ. ಲೇಸಿನ ಅಂಚು ತೋರಿಸುವವರು ಮೂಲೆ ಬಂದ ಕೂಡಲೇ ಬಟ್ಟೆಯನ್ನು ತಮ್ಮ ಕಡೆಗೆ ಎಳೆದುಕೊಂಡು, ಇಲ್ಲಿ ಸ್ವಲ್ಪ ಅಂದಾಜಿನ ಮೇಲೆ ಹೋಗಬೇಕು ಎನ್ನುತ್ತಾರೆ. ಹಾಗಾಗಿ ನಮ್ಮಲ್ಲಿ ಎಲ್ಲರಿಗೂ ಎಲ್ಲವೂ ಮುಕ್ಕಾಲು ಬರುತ್ತದೆ. ನಾನು ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತು, ಯಾರು ಯಾವಾಗ ಏಳುತ್ತಾರೆ ಎಂದು ನೋಡುತ್ತಿರುತ್ತೇನೆ. ಹೆಣಿಗೆಗಿಂತ ಅದನ್ನೇ ಚೆನ್ನಾಗಿ ಕಲಿತಿದ್ದೇನೆ.

ಅಮ್ಮನ ಲೇಸನ್ನು ಇವರ ಮುಂದೆ ಹರಡುವ ಮನಸ್ಸು ನನಗಿರಲಿಲ್ಲ. ಬೇರೆ ದಾರಿ ಕಾಣಲಿಲ್ಲ. ಪಾರ್ಶ್ವವಾಯು ಬಡಿದು ಅಮ್ಮನ ಎಡಗೈ ಬಿದ್ದುಹೋಗಿತ್ತು. ಅಮ್ಮ ಎಡಚಿ. ಬರೆದದ್ದು, ತರಕಾರಿ ಹೆಚ್ಚಿದ್ದು, ನನಗೆ ಬಾರಿಸಿದ್ದು ಎಲ್ಲ ಅದೇ ಕೈಯಲ್ಲಿ. ದುಂಡು ಮೇಜಿಗೆಂದು ಹೆಣೆಯುತ್ತಿದ್ದ ಬಿಳಿ ಲೇಸಿನ ಹೊದಿಕೆ, ಅಂಚಿನ ದಳಗಳಿಗೆ ಬಂದು ನಿಂತಿತ್ತು. ಆಸ್ಪತ್ರೆಯಿಂದ ಮನೆಗೆ ಬಂದಾಗ ಅಮ್ಮ ಊಟ ಕೇಳಲಿಲ್ಲ, ಔಷಧಿ ಕೇಳಲಿಲ್ಲ. ಲೇಸಿನ ಚೀಲ ಎಲ್ಲಿ ಎಂದಳು. ಮಂಚದ ಪಕ್ಕ ಇಟ್ಟೆ. ದಿನವೂ ಅದರ ಮೇಲೆ ಒಮ್ಮೆ ಕೈಯಾಡಿಸಿ ಗೋಡೆಯ ಕಡೆ ತಿರುಗಿಕೊಳ್ಳುತ್ತಿದ್ದಳು. ಆ ಚೀಲ ಮೂಲೆ ಸೇರಿದ ದಿನ ಅಮ್ಮನೂ ಮೂಲೆ ಸೇರುತ್ತಾಳೆ ಎಂಬ ಹೆದರಿಕೆ ನನಗಿತ್ತು.

ನೀನು ಹೇಳಿಕೊಡು, ನಾನು ಮುಗಿಸುತ್ತೇನೆ ಎಂದೆ. ಅಮ್ಮ ಒಪ್ಪಲಿಲ್ಲ.

“ಎಡಚಿ ಹತ್ರ ಕಲಿತು ಏನು ಮಾಡ್ತೀಯ? ನಿನ್ನ ಘನವಾದ ಬಳಗ ಇದೆಯಲ್ಲ, ವಾರವಾರ ಬಿಸ್ಕತ್ತು ತಿನ್ನೋಕೆ ಹೋಗ್ತೀಯಲ್ಲ, ಅವರನ್ನೇ ಕೇಳು.”

ಕೈ ಬಿದ್ದಿತ್ತು. ನಾಲಿಗೆ ಬಿದ್ದಿರಲಿಲ್ಲ.

ಬಳಗದ ಅಧ್ಯಕ್ಷೆ ನಿವೃತ್ತ ಪ್ರಿನ್ಸಿಪಾಲರು. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಹೊದಿಕೆಯನ್ನು ದಡ್ಡನೊಬ್ಬನ ಉತ್ತರಪತ್ರಿಕೆಯ ಹಾಗೆ ನೋಡಿದರು. ದಳಗಳೆಲ್ಲ ತಪ್ಪು ಕಡೆಗೆ ವಾಲಿವೆ, ಹೆಣೆದವರಿಗೆ ಬುನಾದಿಯೇ ಇಲ್ಲ ಎಂದು ತೀರ್ಪು ಕೊಟ್ಟರು. ಪಕ್ಕದಲ್ಲಿದ್ದ ದಂತವೈದ್ಯೆ, ಎಂಥ ಮೆತ್ತನೆಯ ಉಣ್ಣೆಯನ್ನೂ ಹಲ್ಲು ಕೀಳುವವರ ಹಾಗೆ ಜಗ್ಗಿ ಹೆಣೆಯುವಾಕೆ, ಹೌದೌದು ಎಂದು ತಲೆಯಾಡಿಸಿದರು. ನಮ್ಮಮ್ಮ ಎಡಚಿ, ಅವರು ಸುತ್ತು ಹೋಗುವುದೇ ಆ ಕಡೆಗೆ ಎಂದು ನಾನು ಹೇಳಿದೆ. ಮೆಲ್ಲಗೆ ಹೇಳಿದೆ, ಆದರೆ ಎಲ್ಲರಿಗೂ ಕೇಳುವಷ್ಟು.

“ಕೈ ಯಾವುದಾದ್ರೇನಮ್ಮ, ನಿಯಮ ಒಂದೇ,” ಎಂದರು ಪ್ರಿನ್ಸಿಪಾಲರು.

ಅಷ್ಟರಲ್ಲಿ ಅವರ ಬೆರಳು ನೂಲಿನ ತುದಿ ಹಿಡಿದಿತ್ತು. ಅಮ್ಮ ಕೊನೆಗೆ ಹೆಣೆದಿದ್ದ ದಳಗಳು ಸರಸರನೆ ಬಿಚ್ಚಿಕೊಂಡವು. ಬೇಡ ಎನ್ನಲು ಬಾಯಿ ತೆರೆಯುವ ಹೊತ್ತಿಗೆ ನೂಲು ಅವರ ಮಡಿಲಲ್ಲಿ ಗುಪ್ಪೆಯಾಗಿತ್ತು. ಬಿಚ್ಚುವ ಕೆಲಸವನ್ನು ಮಾತ್ರ ಅರ್ಧಕ್ಕೆ ನಿಲ್ಲಿಸಿ ಚಹಾಕ್ಕೆ ಎದ್ದವರು ಈ ಬಳಗದಲ್ಲಿ ಒಬ್ಬರೂ ಇಲ್ಲ.

ಆಮೇಲೆ ಅವರು ಸುತ್ತಿನ ಇನ್ನೊಂದು ತುದಿಯಲ್ಲಿ ಹೊಸ ನೂಲು ಗಂಟುಹಾಕಿ, ಬಲಗೈಯಲ್ಲಿ ಕ್ರೋಶಾ ಕಡ್ಡಿ ಹಿಡಿದು, ತಮ್ಮ ದಿಕ್ಕಿನಲ್ಲಿ ಒಂದಷ್ಟು ದಳ ಹಾಕಿದರು. ಅಮ್ಮನವು ಒಂದು ಕಡೆಗೆ ವಾಲಿದ್ದರೆ ಇವರವು ಇನ್ನೊಂದು ಕಡೆಗೆ ವಾಲಿದವು. ಎರಡೂ ಕೂಡುವಲ್ಲಿ, ಜಗಳವಾಡಿದ ಗಂಡಹೆಂಡತಿ ಬೆನ್ನುಹಾಕಿ ಮಲಗಿದ ಹಾಗೆ ನಡುವೆ ಸಂದಿ ಬಾಯಿಬಿಟ್ಟಿತು, ಬಟ್ಟೆ ಮುದುಡಿತು. ಇಸ್ತ್ರಿ ಹಾಕಿದರೆ ಹೋಗುತ್ತದೆ ಎಂದರು ದಂತವೈದ್ಯೆ. ಉಳಿದದ್ದನ್ನು ಹೀಗೆಯೇ ಮುಗಿಸಿ ನಮ್ಮ ಪ್ರದರ್ಶನಕ್ಕೆ ತನ್ನಿ, ‘ಬಳಗದ ನೆರವಿನಿಂದ ಪೂರ್ಣಗೊಂಡದ್ದು’ ಎಂದು ಚೀಟಿ ಹಚ್ಚೋಣ ಎಂದರು ಪ್ರಿನ್ಸಿಪಾಲರು. ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನ ಕೈಗಳೂ ತಟ್ಟಿದವು. ಹೆದರಿದಾಗ ಅವು ಹಾಗೆಯೇ.

ಮನೆಯಲ್ಲಿ ಅಮ್ಮ ಕಣ್ಣು ಮುಚ್ಚಿ, ಬಲಗೈ ಬೆರಳನ್ನು ಅಂಚಿನ ಮೇಲೆ ಸಾಗಿಸಿದಳು. ಬೆರಳು ಒಂದು ಕಡೆ ತಟ್ಟನೆ ನಿಂತಿತು.

“ಯಾರೇ ಇವಳು, ಎದುರಿನಿಂದ ನುಗ್ಗಿದವಳು? ಒಂದೇ ಕಡೆಗೆ ಹೋಗೋ ರಸ್ತೆ ಇದು.”

ನಡೆದದ್ದನ್ನು ಹೇಳಿದೆ. ನಿಯಮ ಒಂದೇ ಎಂದದ್ದನ್ನೂ ಹೇಳಿದೆ. ಇವಳ ಕೈಕೆಳಗೆ ಎಷ್ಟು ಎಡಚ ಮಕ್ಕಳು ಸೊಟ್ಟಗಾದವೋ ಎಂದು ಅಮ್ಮ ಮರುಗಿದಳು. ಇಸ್ತ್ರಿಯ ಮಾತು ಬಂದಾಗ, ಆ ಹಲ್ಲಿನ ಡಾಕ್ಟರಿಗೆ ಬಾಯಿ ಮುಚ್ಚಿಕೊಂಡು ಇನ್ನೊಬ್ಬರ ಬಾಯಿ ನೋಡಲು ಹೇಳು ಎಂದಳು. ಸಿಟ್ಟಿಗೆ ಅವಳ ಮುಖದಲ್ಲಿ ರಕ್ತ ಓಡಾಡಿತ್ತು. ಅಂದು ಗೋಡೆಯ ಕಡೆ ತಿರುಗಲಿಲ್ಲ. ಬೆನ್ನಿಗೆ ದಿಂಬು ಕೊಡಿಸಿಕೊಂಡು ಎದ್ದು ಕೂತಳು, ಪ್ರಿನ್ಸಿಪಾಲರ ದಳಗಳನ್ನೆಲ್ಲ ಬಿಚ್ಚಿಸಿದಳು, ಕಡ್ಡಿಯನ್ನು ನನ್ನ ಎಡಗೈಗೆ ತುರುಕಿದಳು.

ಕೈಗಡಿಯಾರ ಹೊರುವುದನ್ನು ಬಿಟ್ಟರೆ ನನ್ನ ಎಡಗೈ ಅದುವರೆಗೆ ಯಾವ ಘನಕಾರ್ಯವನ್ನೂ ಮಾಡಿರಲಿಲ್ಲ. ಕಡ್ಡಿ ಹೇಗೋ ಕುಣಿಕೆಯೊಳಗೆ ಹೋಯಿತು. ನೂಲನ್ನು ಹದವಾಗಿ ಹಿಡಿಯಬೇಕಾದ ಬಲಗೈ ಒಮ್ಮೆ ಸಡಿಲ ಬಿಟ್ಟಿತು, ಒಮ್ಮೆ ಜಗ್ಗಿತು. ಅಮ್ಮ ಸ್ವಲ್ಪ ಹೊತ್ತು ಸಹಿಸಿ, ನೂಲನ್ನು ನನ್ನ ಬೆರಳಿಂದ ಕಿತ್ತುಕೊಂಡಳು.

ಆಗ ನೋಡಿದೆ. ಅವಳ ಬಲಗೈಯ ತೋರುಬೆರಳಿಗೆ ಒಂದು ಸುತ್ತು, ಕಿರುಬೆರಳ ಸಂದಿಗೆ ಒಂದು ಸುತ್ತು. ನೂಲು ವೀಣೆಯ ತಂತಿಯ ಹಾಗೆ ನಿಂತಿತು. ಕಡ್ಡಿ ಹಿಡಿಯುವ ಕೈ ಹೋಗಿತ್ತೇ ಹೊರತು, ಜೀವಮಾನವೆಲ್ಲ ನೂಲು ಹಿಡಿದ ಕೈ ಹಾಗೆಯೇ ಇತ್ತು. ಮಂಚದ ಮೇಲೆ ಅವಳ ಎಡಕ್ಕೆ ಒತ್ತಿ ಕೂತೆ. ಬಲಗೈಯಲ್ಲಿ ಬಟ್ಟೆ ಹಿಡಿದು, ನನ್ನ ಎಡಗೈಯನ್ನು ಅವಳ ಎಡಗೈ ಇರಬೇಕಾದ ಜಾಗಕ್ಕೆ ತಂದೆ.

“ಚುಚ್ಚು. ಎಳಿ. ಅಷ್ಟು ಎಳೀಬೇಡ, ಇದೇನು ಹಲ್ಲಾ?”

ದಳ ತಿರುಗುವ ಜಾಗ ಬಂದಾಗ ಬಳಗದ ಅಭ್ಯಾಸಬಲದಿಂದ ಅವಳ ಮುಖ ನೋಡಿದೆ.

“ನನ್ನ ಮುಖದಲ್ಲಿ ಏನಿದೆ? ಇಲ್ಲಿ ಎಲ್ಲರೂ ಮುಂದಿನ ಕುಣಿಕೆಗೆ ಹೋಗ್ತಾರೆ, ಕತ್ತೆಗಳು. ನೀನು ಹಿಂದಿನದಕ್ಕೆ ಹೋಗು. ಅದಕ್ಕೇ ದಳ ಬಾಗೋದು.”

ಹಿಂದಿನದಕ್ಕೆ ಹೋದೆ. ದಳ ಬಾಗಿತು. ಅಮ್ಮ ಅದನ್ನು ಹೆಬ್ಬೆರಳಿಂದ ಸವರಿ, ಇದು ತನ್ನ ಕೈಯದ್ದಲ್ಲ ಎಂದು ಕುರುಡರಿಗೂ ಗೊತ್ತಾಗುತ್ತದೆ ಎಂದಳು. ಸ್ವಲ್ಪ ಬಿಟ್ಟು, ದಿಕ್ಕು ಸರಿಯಿದೆ ಎಂದಳು.

ಫೋನು ಬಡಿದುಕೊಳ್ಳತೊಡಗಿತು. ಪರದೆಯ ಮೇಲೆ ಪ್ರಿನ್ಸಿಪಾಲರ ಹೆಸರು. ಚೀಟಿಯ ವಿಷಯವೇ ಇರಬೇಕು. ಬೇರೆ ದಿನವಾಗಿದ್ದರೆ ಎರಡನೇ ಸದ್ದಿಗೆ ಎತ್ತಿ, ಕೇಳದಿದ್ದಕ್ಕೂ ಹೂಂಗುಟ್ಟುತ್ತಿದ್ದೆ. ಈಗ ನಮ್ಮಿಬ್ಬರಲ್ಲಿ ಯಾರಿಗೂ ಬಿಡುವಾದ ಕೈ ಇರಲಿಲ್ಲ.

“ಬಡ್ಕೊಳ್ಳಲಿ ಬಿಡು,” ಎಂದು ಅಮ್ಮ ನೂಲನ್ನು ಬಿಗಿ ಮಾಡಿದಳು.