ಎಂಟು ಹೆಂಗಸರು, ಒಂದು ಬಸ್ಸು

ಯುಗಾದಿ ಕಳೆದು ಹೊಂಗೆ ಮರ ಚಿಗುರಿತು ಅಂದರೆ ಸಾಕು, ಪೀಣ್ಯದ ಆ ಗಾರ್ಮೆಂಟ್ಸಿನ ಹೆಂಗಸರಿಗೆ ಹಗ್ಗದ ಹುಚ್ಚು ಹಿಡಿಯುತ್ತಿತ್ತು. ಮೇ ಒಂದಕ್ಕೆ ಸುತ್ತಲಿನ ಕಾರ್ಖಾನೆಗಳ ನಡುವೆ ಹಗ್ಗ ಜಗ್ಗಾಟದ ಪಂದ್ಯ. ಅದಕ್ಕೆ ತಿಂಗಳ ಮುಂಚಿನಿಂದಲೇ ಹೊಲಿಗೆ ಲೈನಿನ ಎಂಟು ಜನ ಸಂಜೆ ಕೆಲಸ ಬಿಟ್ಟ ಮೇಲೆ ಕಾರ್ಖಾನೆಯ ಹಿಂದಿನ ಮಣ್ಣಿನ ಅಂಗಳದಲ್ಲಿ ಅಭ್ಯಾಸಕ್ಕೆ ನಿಲ್ಲುತ್ತಿದ್ದರು. ಅವರಿಗಿದ್ದ ಅಭಿಮಾನಿ ಒಬ್ಬನೇ, ಕಾರ್ಖಾನೆ ಬಸ್ಸಿನ ಡ್ರೈವರ್ ಮುನಿರಾಜು. ಆ ಒಬ್ಬ ಅಭಿಮಾನಿಗೂ ಅವರ ಮೇಲೆ ಕವಡೆ ಕಾಸಿನ ನಂಬಿಕೆ ಇರಲಿಲ್ಲ.

ನಂಬಿಕೆ ಇಲ್ಲದವನು ಅದೆಂಥ ಅಭಿಮಾನಿ ಎಂದು ಕೇಳಬೇಡಿ. ಸೋಲುವ ತಂಡದ ಹಿಂದೆ ವರ್ಷಗಟ್ಟಲೆ ಅಲೆದು ನೋಡಿ, ಆಮೇಲೆ ಮಾತಾಡೋಣ. ಪಂದ್ಯಕ್ಕೆ ಅವರನ್ನು ಕರೆದೊಯ್ಯುವವನು ಅವನೇ, ಸೋತವರನ್ನು ತುಂಬಿಕೊಂಡು ಬರುವವನೂ ಅವನೇ. ಹೋಗುವಾಗ ಬಸ್ಸಿನ ತುಂಬ ಹಾಡು, ಕೇಕೆ, ಕೈಯಿಂದ ಕೈಗೆ ಚುರುಮುರಿ ಪೊಟ್ಟಣ. ಬರುವಾಗ ಮುನಿರಾಜು ಕನ್ನಡಿ ನೋಡಿದರೆ ಎಂಟೂ ಜನ ಒಬ್ಬರ ಮುಖ ಒಬ್ಬರು ನೋಡದೆ ಕಿಟಕಿಯಾಚೆ ಕಣ್ಣು ನೆಟ್ಟಿರುತ್ತಿದ್ದರು. ಒಂದು ವರ್ಷ ಹಗ್ಗ ಹಿಡಿದು ನಿಂತ ಮೇಲೆ ಎರಡನೆಯ ಜಾಗದ ಶರಣಮ್ಮನಿಗೆ ಅದೇನು ಕಂಡಿತೋ ನಗು ಬಂತು. ಆ ನಗು ಎಂಟೂ ಜನಕ್ಕೆ ಅಂಟಿ, ನಗುನಗುತ್ತಲೇ ಗೆರೆ ದಾಟಿ ಹೋದರು. ಇನ್ನೊಂದು ವರ್ಷ ಹಗ್ಗದ ನಡುವಿನ ಕೆಂಪು ಪಟ್ಟಿ ಗೇಣುದ್ದ ಈಚೆ ಬಂದಿದ್ದರೆ ಗೆದ್ದಂತೆಯೇ. ಅಷ್ಟರಲ್ಲಿ ಎಲ್ಲರಿಗಿಂತ ಮುಂದೆ ನಿಂತಿದ್ದ ಶೇಖವ್ವ, ಗೆದ್ದೇಬಿಟ್ಟೆವು ಎಂದು ಕೈ ಎತ್ತಿಬಿಟ್ಟಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಹೋದ ವರ್ಷದ ಕತೆ ಹೇಳದಿರುವುದೇ ಮರ್ಯಾದೆ.

ಹಾಗಾಗಿ ಮುನಿರಾಜು ಮನಸ್ಸಿನಲ್ಲಿ ಒಂದು ಲೆಕ್ಕ ಹಾಕಿಟ್ಟುಕೊಂಡಿದ್ದ. ಇವರದು ಒಂದೇ ನಿಮಿಷದ ಪೌರುಷ. ಮೊದಲು ಜೋರು, ಆಮೇಲೆ ಯಾರೋ ಒಬ್ಬಳು ಅವಸರ ಮಾಡುತ್ತಾಳೆ, ಕಾಲು ಕೀಳುತ್ತಾಳೆ, ಮುಗೀತು. ಪ್ರತಿ ಸಲ ಅಭ್ಯಾಸ ಶುರುವಾದಾಗ ಅವರು "ಈ ಸಲ ಮಾತ್ರ ನೋಡ್ರಿ ಅಣ್ಣಾ" ಅನ್ನುವುದು, ಇವನು "ಮನೇಲಿ ಹುಲಿ, ಬೀದೀಲಿ ಇಲಿ" ಅನ್ನುವುದು. ಅವರು ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ. ಬೈಯುವುದಕ್ಕಾದರೂ ಒಬ್ಬ ಬರುತ್ತಾನಲ್ಲ ಎಂದುಕೊಳ್ಳುತ್ತಿದ್ದರು.

ಈ ವರ್ಷ ಮಾತ್ರ ಆ ಮಾತು ತಮಾಷೆಗೆ ನಿಲ್ಲಲಿಲ್ಲ. ಒಂದು ಗುರುವಾರ ಎಚ್‌ಆರ್ ಪದ್ಮಾವತಿ ಮೇಡಂ ಅವನನ್ನು ಕರೆಸಿದರು.

"ಮುನಿರಾಜು ಅವ್ರೇ, ಫ್ಯಾಕ್ಟ್ರಿಯಿಂದ ಕಳಿಸೋದು ಒಂದೇ ಟೀಮು. ಪ್ಯಾಕಿಂಗ್ ಸೆಕ್ಷನ್ ಹುಡುಗ್ರು ಈ ಸಲ ನಾವು ಹೋಗ್ತೀವಿ ಅಂತ ಕೂತಿದ್ದಾರೆ. ಹೆಂಗಸ್ರು ಇಷ್ಟು ವರ್ಷ ಹೋಗಿ ಒಂದು ರೌಂಡೂ ದಾಟಿಲ್ಲ. ನಾನು ಒಂದು ಮ್ಯಾಚೂ ನೋಡಿಲ್ಲ, ನೀವು ಒಂದೂ ಬಿಟ್ಟಿಲ್ಲ. ನಾಳೆ ಸಂಜೆ ಒಳಗೆ ನಂಗೊಂದು ಮಾತು ಹೇಳಿ, ಅವರನ್ನ ಕಳಿಸ್ಲಾ ಬೇಡ್ವಾ? ನೀವು ಹೇಳ್ದಂಗೆ ಮಾಡ್ತೀನಿ."

"ಬೇಡ ಮೇಡಂ" ಅನ್ನುವ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಅಂದುಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ತಂಡದ ಮಹಾನಂದಾಳ ಮುಖ ಕಣ್ಣ ಮುಂದೆ ಬಂದು, "ಇವತ್ತೊಂದು ಸಲ ಪ್ರಾಕ್ಟೀಸು ನೋಡಿ ಹೇಳ್ತೀನಿ ಮೇಡಂ" ಅಂದು ಹೊರಬಂದ.

ಮಹಾನಂದಾ ವಿಜಯಪುರದ ಕಡೆಯವಳು. ಚಿಕ್ಕಬಾಣಾವರದಲ್ಲಿ ಒಂದು ರೂಮು ಮಾಡಿಕೊಂಡು ಗಂಡ, ಅತ್ತೆ, ಒಬ್ಬ ಮಗಳ ಜೊತೆ ಇದ್ದಳು. ಕಾರ್ಖಾನೆಯಲ್ಲಿ ಅಂಗಿಗೆ ಕಾಲರ್ ಕೂರಿಸುವ ಕೆಲಸ. ಹಗ್ಗದಲ್ಲಿ ಅವಳದು ಕೊನೆಯ ಜಾಗ. ಕೊನೆಯವಳು ಹಗ್ಗವನ್ನು ಬೆನ್ನ ಮೇಲಿಂದ ಮೈಗೆ ಹಾಕಿಕೊಂಡು ನಿಲ್ಲಬೇಕು. ಉಳಿದ ಏಳು ಜನ ಸೋತರೂ ಅವಳು ಕಾಲು ಕೀಳಬಾರದು. ಸುದ್ದಿ ಮುನಿರಾಜುವಿಗಿಂತ ಮುಂಚೆ ಅವಳನ್ನು ಮುಟ್ಟಿತ್ತು. ಸಂಜೆ ಅವನು ಅಂಗಳಕ್ಕೆ ಬಸ್ಸು ತಂದು ನಿಲ್ಲಿಸುತ್ತಿದ್ದಂತೆ ಕಿಟಕಿಯ ಕೆಳಗೆ ಬಂದು ನಿಂತಳು.

"ಅಣ್ಣಾರ, ನಮ್ಮನ್ನ ಕಳಸೂದು ಬಿಡೂದು ನಿಮ್ ಕೈಯಾಗ ಐತಂತಲ್ರಿ."

"ನನ್ ಕೈಲಿ ಏನಿದೆಯಮ್ಮ, ಸ್ಟೇರಿಂಗು" ಅಂದ ಮುನಿರಾಜು.

ಅವಳು ನಗಲಿಲ್ಲ. "ವರ್ಷಪೂರ್ತಿ ಕುಂತು ಹೊಲೀತೀನ್ರಿ. ಬೆನ್ನು ಬಗ್ಗಿ ಬಗ್ಗಿ ಹಿಂಗಾಗೇತಿ. ಅದೊಂದು ದಿನ ನೆಟ್ಟಗ ನಿಂತು, ನನ್ ಬಲಾ ಎಷ್ಟೈತಿ ಅಂತ ನಾನ ನೋಡ್ಕೋತೀನಿ. ಅದೂ ಬ್ಯಾಡಾಂದ್ರ ಬ್ಯಾಡ. ಆದ್ರ ನೋಡಿ ಹೇಳ್ರಿ, ನೋಡದ ಹೇಳಬ್ಯಾಡ್ರಿ."

ಮುನಿರಾಜುವಿಗೆ ಕಸಿವಿಸಿಯಾಯಿತು. "ನೋಡೋಕೇ ಬಂದಿದೀನಲ್ಲಮ್ಮ. ಯಾರ ಜೊತೆ ಎಳೀತೀರಿ?"

ಅದೇ ತಾಪತ್ರಯವಾಗಿತ್ತು. ಎದುರು ನಿಲ್ಲುವವರು ಯಾರೂ ಇರಲಿಲ್ಲ. ಪ್ಯಾಕಿಂಗಿನ ಹುಡುಗರು ಅಭ್ಯಾಸಕ್ಕೆ ಕರೆದರೆ ಮೊಬೈಲು ನೋಡುತ್ತ ನಕ್ಕು ಹೋಗಿದ್ದರು. ಮಹಾನಂದಾ ಬಸ್ಸಿನ ಮೂತಿಯ ಕಡೆ ಕೈ ತೋರಿಸಿದಳು.

"ಇದರ ಜೋಡಿ."

ಹಳೆಯ ಬಸ್ಸು, ಮೂವತ್ತು ಸೀಟಿನದು. ಮುಂದೆ ಬಂಪರಿನ ಕೆಳಗೆ ಕೆಟ್ಟು ನಿಂತಾಗ ಎಳೆಯಲು ಒಂದು ಕೊಕ್ಕೆ. ಶೇಖವ್ವ ಆಗಲೇ ಬಗ್ಗಿ ಹಗ್ಗವನ್ನು ಅದಕ್ಕೆ ಗಂಟು ಹಾಕುತ್ತಿದ್ದಳು. ಗೇಟಿನ ವಾಚ್‌ಮನ್ ನರಸಿಂಹಯ್ಯ, ಇದೇನು ನಡೀತಿದೆ ಎಂದು ಬಂದು ಬಸ್ಸಿನ ಹಿಂದೆ ನಿಂತ. ಮುನಿರಾಜು ಎಂಜಿನ್ ಆಫ್ ಮಾಡಿ, ಗೇರು ನ್ಯೂಟ್ರಲ್ಲಿಗೆ ತಂದು, ಹ್ಯಾಂಡ್ ಬ್ರೇಕು ಇಳಿಸಿದ. ಅಂಗಳ ಮಟ್ಟಸವಾಗಿತ್ತು, ಬಸ್ಸು ಅಲುಗಲಿಲ್ಲ.

ಇಲ್ಲಿ ಅವನೊಂದು ಕಳ್ಳಾಟ ಆಡಿದ. ಬಲಗಾಲನ್ನು ಬ್ರೇಕಿನ ಮೇಲೆ ಇಟ್ಟು ಒತ್ತಿದ. ಪೂರ್ತಿ ಅಲ್ಲ, ಅರ್ಧ. ಕೇಡು ಬಗೆಯಲಿಕ್ಕಲ್ಲ, ದೇವರಾಣೆ. ಅವನ ಯೋಚನೆ ಹೀಗಿತ್ತು: ಖಾಲಿ ಬಸ್ಸು ಮಟ್ಟಸ ನೆಲದ ಮೇಲೆ ಎಳೆದರೆ ಬಂದೇ ಬರುತ್ತದೆ. ಬಂದರೆ ಇವರು ಉಬ್ಬಿಹೋಗುತ್ತಾರೆ, ಉಬ್ಬಿದವರನ್ನು ಪಂದ್ಯದ ದಿನ ಎದುರಿನವರು ಮತ್ತೆ ನೂರಾರು ಜನರೆದುರು ಧೂಳಿನಲ್ಲಿ ಎಳೆದಾಡುತ್ತಾರೆ, ಮತ್ತೆ ತಾನೇ ಇವರನ್ನು ತುಂಬಿಕೊಂಡು ಬರಬೇಕು. ಆ ಮೌನವನ್ನು ಇನ್ನೊಂದು ವರ್ಷ ಕನ್ನಡಿಯಲ್ಲಿ ನೋಡಲು ತನ್ನಿಂದಾಗದು. ಇವತ್ತೇ ಗೊತ್ತಾಗಿಬಿಡಲಿ. ಒಂದು ನಿಮಿಷಕ್ಕೆ ಕೈ ಸೋತು ಬಿಡುತ್ತಾರೆ, ನಾಳೆ ಮೇಡಂ ಹತ್ತಿರ ಬೇಡ ಎಂದು ಹೇಳಲು ತನಗೂ ನಾಲಿಗೆ ಬರುತ್ತದೆ.

ಎಂಟು ಜನ ಚಪ್ಪಲಿ ಬಿಟ್ಟು, ಸೆರಗು ಸಿಕ್ಕಿಸಿ, ಹಗ್ಗ ಹಿಡಿದರು. ಶೇಖವ್ವ "ಹೂಂ" ಅಂದಳು. ಎಂಟೂ ಮೈ ಒಟ್ಟಿಗೇ ಹಿಂದಕ್ಕೆ ವಾಲಿದವು. ಹಗ್ಗ ಕಿರ್ರೆಂದು ಬಿಗಿಯಾಯಿತು. ಬಸ್ಸು ಕದಲಲಿಲ್ಲ.

ಆಗ ಮುನಿರಾಜು ಮುಂದಿನ ಗಾಜಿನಾಚೆ ನೋಡಿದ. ಇಷ್ಟು ವರ್ಷ ಪಂದ್ಯದ ದಿನ ಅವನು ನಿಲ್ಲುತ್ತಿದ್ದುದು ಗೆರೆಯ ಪಕ್ಕ. ಅವನ ಕಣ್ಣು ಇರುತ್ತಿದ್ದುದು ಆ ಕೆಂಪು ಪಟ್ಟಿಯ ಮೇಲೆ, ಅತ್ತ ಹೋಯಿತೋ ಇತ್ತ ಬಂತೋ ಎಂದು. ಉಳಿದ ದಿನ ಅವರು ಕನ್ನಡಿಯಲ್ಲಿ ಕಾಣುವ ದಣಿದ ತಲೆಗಳು. ಎದುರಿಗೆ ಕೂತು ಅವರ ಮುಖ ನೋಡಿದ್ದು ಅದೇ ಮೊದಲು.

ಶೇಖವ್ವ ಎಲ್ಲರಿಗಿಂತ ಮುಂದೆ, ಅವನಿಂದ ಎರಡು ಮಾರು ದೂರ. ಪ್ರತಿ ಸೋಮವಾರ ಬಸ್ಸು ಹತ್ತುತ್ತಲೇ "ವಾಂತಿ ಬರ್ತದ, ಕಿಡಕಿ ಕಡೆ ಬಿಡ್ರಿ" ಅನ್ನುವವಳು. ಅವಳ ಹಿಂದೆ ಶರಣಮ್ಮ, ನಗುವಿನ ಶರಣಮ್ಮ. ಆ ಮುಖಗಳಲ್ಲಿ ಈಗ ನಗುವಾಗಲಿ ಅಳುವಾಗಲಿ ಇರಲಿಲ್ಲ. ಹಿಂದಿನ ವರ್ಷಗಳಂತೆ ಕೂಗಾಟ ಇಲ್ಲ, ಜಗ್ಗಾಟ ಇಲ್ಲ. ಸುಮ್ಮನೆ ವಾಲಿ ನಿಂತಿದ್ದರು. ಎಂಟು ಜೊತೆ ಕಣ್ಣು ಬಸ್ಸನ್ನು ನೋಡುತ್ತಿದ್ದವು, ಅಂದರೆ ಅವನನ್ನೇ ನೋಡುತ್ತಿದ್ದವು.

ಒಂದು ನಿಮಿಷ ಆಯಿತು. ಇನ್ನು ಬಿಡುತ್ತಾರೆ ಎಂದುಕೊಂಡ. ಬಿಡಲಿಲ್ಲ. ಹಿಮ್ಮಡಿಗಳು ಮಣ್ಣಿನೊಳಗೆ ಇಳಿಯುತ್ತಿದ್ದವು. ಶೇಖವ್ವನ ತೋಳು ನಡುಗಲು ಶುರುವಾಯಿತು. ಆ ನಡುಕ ಹಿಂದಿನವಳಿಗೆ ದಾಟಿತು, ಅವಳಿಂದ ಅವಳ ಹಿಂದಿನವಳಿಗೆ. ಹೀಗೆ ಹೋಗಿ ಹೋಗಿ ಕೊನೆಯಲ್ಲಿ ಮಹಾನಂದಾಳ ಹತ್ತಿರ ನಿಂತುಹೋಯಿತು. ಅವಳು ನಡುಗಲಿಲ್ಲ. ಹಗ್ಗ ಅವಳ ಹೆಗಲನ್ನು ಕಚ್ಚಿಕೊಂಡಿತ್ತು, ಕತ್ತಿನ ನರ ಉಬ್ಬಿತ್ತು. ಅವಳು ಆಕಾಶಕ್ಕೆ ಮುಖ ಮಾಡಿ, ಯಾರಿಗೋ ಏನನ್ನೋ ಹೇಳುವವಳ ಹಾಗೆ ಮೆಲ್ಲಗೆ ಉಸಿರು ಬಿಡುತ್ತಿದ್ದಳು. ಉಳಿದ ಏಳು ಜನ ಅವಳ ಉಸಿರಿಗೆ ಉಸಿರು ಕೊಟ್ಟಿದ್ದರು. ಅವಳು ಬಿಟ್ಟಾಗ ಬಿಡುವುದು, ಎಳೆದಾಗ ಎಳೆಯುವುದು.

ಅಬ್ಬಾ, ಎಂದುಕೊಂಡ ಮುನಿರಾಜು. ಇವರು ಗೆಲ್ಲಲು ಅವಸರ ಮಾಡುತ್ತಿಲ್ಲ. ಕಾಯುತ್ತಿದ್ದಾರೆ. ಎದುರಿಗಿರುವವನು ಸೋಲುವವರೆಗೆ ಕಾಯುತ್ತಾರೆ, ಬೇಕಾದರೆ ಬೆಳಗಿನವರೆಗೆ. ಹಾಗೆ ಅನ್ನಿಸಿದ ಕೂಡಲೇ ಅವನಿಗೆ ನಿಜವಾಗಿ ಭಯವಾಯಿತು. ಟನ್ನುಗಟ್ಟಲೆ ಕಬ್ಬಿಣದ ಒಳಗೆ ಕೂತವನಿಗೆ ಬರಿಗಾಲಿನ ಎಂಟು ಹೆಂಗಸರ ಭಯ. ಹುಟ್ಟಿದ ಊರಲ್ಲೇ ಬೆಳೆದು, ಇಲ್ಲಿಯ ಹೊಲ ಹೋಗಿ ಶೆಡ್ಡು ಬಂದದ್ದನ್ನೂ ಶೆಡ್ಡು ಹೋಗಿ ಮೆಟ್ರೊ ಬಂದದ್ದನ್ನೂ ನೋಡಿದವನು ಅವನು. ದೊಡ್ಡದು ಅನ್ನುವುದನ್ನು ಬಹಳ ನೋಡಿದ್ದ. ಇಷ್ಟು ದೊಡ್ಡದನ್ನು ನೋಡಿರಲಿಲ್ಲ.

ಪೆಡಲ್ಲಿನ ಮೇಲಿದ್ದ ಕಾಲು ಮರಗಟ್ಟಿತ್ತು. ಮೊಣಕಾಲಿನ ಕೆಳಗೆ ಸಣ್ಣಗೆ ನಡುಕ. ಅವನೇ ಎತ್ತಿದನೋ, ಕಾಲೇ ಸೋತಿತೋ, ಇವತ್ತಿಗೂ ಅವನಿಗೆ ಹೇಳಲಾಗದು. ಕಾಲು ಬ್ರೇಕಿನಿಂದ ಮೇಲೆ ಬಂತು.

ಬಸ್ಸು ಹೊರಟಿತು. ಎಂಜಿನ್ ಸದ್ದಿಲ್ಲದೆ, ಯಾರೋ ಕೈ ಹಿಡಿದು ಕರೆದ ಹಾಗೆ ಹೊರಟಿತು. ಇಷ್ಟು ಹೊತ್ತು ಎದುರಿದ್ದ ಭಾರ ಒಮ್ಮೆಲೇ ಇಳಿದರೂ ಎಂಟು ಜನರಲ್ಲಿ ಒಬ್ಬಳೂ ಮುಗ್ಗರಿಸಲಿಲ್ಲ. ಹೆಜ್ಜೆಗೆ ಹೆಜ್ಜೆ ಹಿಂದಕ್ಕಿಡುತ್ತ ಅಂಗಳದ ಆ ತುದಿಯವರೆಗೆ ಬಸ್ಸನ್ನು ಕರೆದುಕೊಂಡು ಹೋದರು. ಗೋಡೆ ಹತ್ತಿರವಾದಾಗ ಮುನಿರಾಜುವೇ ಗಾಬರಿಯಾಗಿ ಬ್ರೇಕು ತುಳಿದ.

ಹಿಂದಿನಿಂದ ನರಸಿಂಹಯ್ಯ ಓಡಿ ಬಂದ. "ಏನಣ್ಣ ಮುನಿರಾಜಣ್ಣ, ಅಷ್ಟೊತ್ತು ಬ್ರೇಕ್ ಇಡ್ಕೊಂಡೇ ಕೂತಿದ್ಯಲ್ಲ. ಇಂದುಗಡೆ ಕೆಂಪು ಲೈಟು ಅಂಗೇ ಉರೀತಿತ್ತು."

ಮುನಿರಾಜುವಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಬಸ್ಸಿನಿಂದ ಇಳಿದ. ಎಂಟೂ ಜನ ಸೊಂಟ ಹಿಡಿದು, ಬಾಯಿ ತೆರೆದು ಉಸಿರಾಡುತ್ತ ಅವನನ್ನೇ ನೋಡುತ್ತಿದ್ದರು. ಶರಣಮ್ಮ ಏನೋ ಅನ್ನಲು ಬಾಯಿ ತೆಗೆದಳು. ಮಹಾನಂದಾ ಕೈ ಅಡ್ಡ ಮಾಡಿದಳು. ಅವಳ ಹೆಗಲ ಮೇಲೆ ರವಿಕೆಯ ಬಟ್ಟೆ ಹಗ್ಗದ ಅಗಲಕ್ಕೆ ತೇದು ಹೋಗಿತ್ತು.

"ನನ್ನದು ತಪ್ಪಾಯ್ತಮ್ಮ" ಅಂದ ಮುನಿರಾಜು.

"ಹಿಡದ್ರ ಹಿಡದ್ರಿ, ಬಿಡ್ರಿ ಅಣ್ಣಾ" ಅಂದಳು ಅವಳು. "ಮ್ಯಾಚಿನ್ಯಾಗ ಎದುರಿನವ್ರು ಸುಮ್ನ ಬಿಡ್ತಾರೇನು? ನಾಳೆನೂ ಹಿಡೀರಿ. ಪೂರ್ತಿ ಒತ್ತಿ ಹಿಡೀರಿ."

ಅವಳ ದನಿಯಲ್ಲಿ ಕೊಂಕು ಇರಲಿಲ್ಲ. ಅದನ್ನೇ ಅವನಿಗೆ ತಡೆಯಲಾಗಲಿಲ್ಲ. ಕಣ್ಣಿಗೆ ನೀರು ಬಂದುಬಿಟ್ಟಿತು. ಧೂಳು ಎಂದು ಹೇಳಿ ಮುಖ ಒರೆಸಿಕೊಂಡ. ಅಂಗಳದಲ್ಲಿ ಧೂಳೂ ಬೇಕಾದಷ್ಟಿತ್ತು.

ನಾಳೆಯವರೆಗೆ ಕಾಯುವ ತಾಳ್ಮೆ ಅವನಿಗೆ ಉಳಿಯಲಿಲ್ಲ. ಹಾಗೆಯೇ ಮೇಡಂ ರೂಮಿಗೆ ನಡೆದ. ಪದ್ಮಾವತಿ ಮೇಡಂ ಬ್ಯಾಗು ಹೆಗಲಿಗೇರಿಸಿ ಹೊರಡುತ್ತಿದ್ದರು.

"ಏನು ಮುನಿರಾಜು ಅವ್ರೇ, ನೋಡಿದ್ರಾ? ಗೆಲ್ತಾರಾ?"

ಗೆಲ್ತಾರೆ ಅನ್ನಲು ಅವನಿಗೆ ಬಾಯಿ ಬರಲಿಲ್ಲ. ಅಷ್ಟು ವರ್ಷದ ಅಭ್ಯಾಸ, ಒಂದು ಸಂಜೆಗೆ ಬಿಟ್ಟುಹೋಗುವುದಿಲ್ಲ. ಜೊತೆಗೆ ಇನ್ನೊಂದು ಹೆದರಿಕೆ. ಗೆಲ್ಲುವುದಿಲ್ಲ ಎಂದುಕೊಂಡೇ ಹೋಗುವವನಿಗೆ ಸೋಲು ಅಷ್ಟಾಗಿ ತಾಗುವುದಿಲ್ಲ. ಈಗ ಆಸೆ ಬಂದುಬಿಟ್ಟಿತ್ತು. ಈ ಸಲ ಅವರು ಸೋತರೆ ಬಸ್ಸು ಓಡಿಸಿಕೊಂಡು ಬರಲು ತನ್ನಿಂದ ಆದೀತೇ ಎಂದು ಅವನಿಗೇ ಗೊತ್ತಿರಲಿಲ್ಲ.

"ಅದು ಗೊತ್ತಿಲ್ಲ ಮೇಡಂ" ಅಂದ. "ಇವತ್ತು ಅವ್ರ ಎದುರಿಗೆ ನಾನು ಕೂತಿದ್ದೆ. ಬಸ್ಸಲ್ಲಿ ಕೂತು, ಬ್ರೇಕ್ ಹಿಡ್ಕೊಂಡು ಕೂತಿದ್ದೆ. ನಾನು ಸೋತೆ."