ಕೋರೆಗುಂಡಿಯ ಹಳದಿ ಹೆಣ್ಣು

ನಾನು ಒಂದು ಏರೋಪ್ಲೇನ್ ಚಿಟ್ಟೆ. ಮಂಗಳೂರಿನ ಅಂಚಿನಲ್ಲಿ, ಕೆಂಪುಕಲ್ಲು ಕಡಿದು ಬಿಟ್ಟುಹೋದ ಕೋರೆಯ ನೀರಿನಲ್ಲಿ ಹುಟ್ಟಿದೆ. ರೆಕ್ಕೆಯಿಲ್ಲದ ಬಾಲ್ಯವನ್ನು ಪಾಚಿಯ ನಡುವೆ ಸೊಳ್ಳೆಮರಿ ಹಿಡಿದು ತಿನ್ನುತ್ತ ಕಳೆದೆ. ಒಂದು ಬೆಳಿಗ್ಗೆ ಮೈ ಬಿಗಿಯಾಯಿತು. ಜೊಂಡು ಹತ್ತಿದೆ, ಬೆನ್ನು ಬಿರಿಯಿತು, ಹಳೆಯ ಚರ್ಮ ಬಿಟ್ಟು ಹೊರಬಂದೆ. ಅಂದಿನಿಂದ ನೆಮ್ಮದಿಯಾಗಿ ಕುಳಿತದ್ದು ನೆನಪಿಲ್ಲ.

ನಮ್ಮಲ್ಲಿ ಗಂಡು ರಕ್ತಗೆಂಪು, ಹೆಣ್ಣು ಹಳದಿ. ದಂಡೆಗೆ ಬಂದವರು ಕೆಂಪನ್ನೇ ನೋಡುತ್ತಾರೆ. ಪಕ್ಕದ ಫ್ಲಾಟಿನ ಹಿಲ್ಡಾ ಟೀಚರ್ ಮಾತ್ರ ನನ್ನ ಮೇಲೆ ಬಲೆ ಬೀಸಿದರು. ನಾಲ್ಕೂ ರೆಕ್ಕೆಗಳನ್ನು ಬೆನ್ನ ಹಿಂದೆ ಮಡಚಿ, ಎರಡು ಬೆರಳ ನಡುವೆ ಹಿಡಿದು ಭೂತಗನ್ನಡಿ ತಂದರು.

"ಬೆನ್ನಿಗೆ ಕಪ್ಪು ಗೆರೆ ಉಂಟು. ರೆಕ್ಕೆಯ ಬುಡ ಜೇನಿನ ಬಣ್ಣ. ಕೆಂಪಿನದ್ದೇ ಜಾತಿ, ಎಳೆ ಗಂಡು. ಇನ್ನೂ ಬಣ್ಣ ಬರ್ಲಿಲ್ಲ."

ಜೊತೆಗಿದ್ದ ನೆರೆಮನೆಯ ಯಮುನಕ್ಕ ನಕ್ಕರು. "ಜಾತಿ ಕೇಳಿ ಎಂತ ಮಾಡ್ಲಿಕ್ಕೆ ಟೀಚರೇ? ಸಂಬಂಧ ನೋಡ್ಲಿಕ್ಕುಂಟಾ?"

ಎಳೆಯ ಗಂಡುಗಳೂ ಹಳದಿಯೇ. ತಪ್ಪು ದೊಡ್ಡದಲ್ಲ. ಆದರೂ ಬಿಟ್ಟ ಕೂಡಲೇ ಅವರ ತಲೆಯ ಸುತ್ತ ಹಾರಾಡಿದೆ. ಹೆಣ್ಣು ಎಂದು ಹೇಗೆ ಹೇಳುವುದು?

ಆಮೇಲೆ ಲಾರಿಗಳು ಬಂದವು. ಒಡೆದ ಗೋಡೆ, ಮಣ್ಣು, ಟೈಲ್ಸಿನ ಚೂರು ಕೋರೆಗೆ ಬಿದ್ದವು. ಮೇಲೆ ಕಾರು ನಿಲ್ಲಿಸುವ ಅಂಗಳವಾಯಿತು. ಆಗ ನನ್ನ ಹೊಟ್ಟೆ ತುಂಬ ಮೊಟ್ಟೆ. ಬಾವಿಗಳಿಗೆ ಬಲೆ ಕಟ್ಟಿದ್ದರು, ಚರಂಡಿಗಳಿಗೆ ಚಪ್ಪಡಿ. ಹಾರಿದೆ, ಮರಳಿದೆ, ಮತ್ತೆ ಹಾರಿದೆ. ಕೊನೆಗೆ ಅದೇ ಅಂಗಳದಲ್ಲಿ ಬಿಸಿಲಿಗೆ ಮಿನುಗುವ ನೀರು ಕಂಡಿತು! ಇಳಿದು ಬಾಲ ತಾಗಿಸಿದೆ, ಎದ್ದೆ, ಮತ್ತೆ ತಾಗಿಸಿದೆ. ಬಿಸಿ. ಅದು ಕರಿ ಕಾರಿನ ಬಾನೆಟ್ಟು. ಮೊಟ್ಟೆಗಳು ಅಲ್ಲೇ ಒಣಗಿದವು. ತಿಳಿದ ಮೇಲೂ ಇಳಿಯುತ್ತಲೇ ಇದ್ದೆ. ನಮ್ಮ ಕಣ್ಣಿಗೆ ನೀರೂ ಹಾಗೆಯೇ ಹೊಳೆಯುತ್ತದೆ.

"ಅಯ್ಯೋ ದೇವರೇ, ಮೊಟ್ಟೆ ಇಡ್ತಾ ಉಂಟು, ಇದು ಹೆಣ್ಣು!" ಹಿಲ್ಡಾ ಟೀಚರ್ ಓಡಿ ಬಂದರು. "ಯಮುನಕ್ಕ, ಒಂದು ಪಾತ್ರೆಯಲ್ಲಿ ನೀರು ತನ್ನಿ, ಬೇಗ!"

ಯಮುನಕ್ಕ ಹಿಟ್ಟು ಕಲಸುವ ಬೋಗುಣಿಯಲ್ಲೇ ನೀರು ತಂದರು. ಟೀಚರ್ ನನ್ನ ರೆಕ್ಕೆ ಹಿಡಿದು ಬಾಲದ ತುದಿಯನ್ನು ನೀರಿಗೆ ಅದ್ದಿದರು, ಎತ್ತಿದರು, ಅದ್ದಿದರು. ಅದು ನಮ್ಮದೇ ಲಯ. ಉಳಿದ ಮೊಟ್ಟೆಗಳೆಲ್ಲ ಜಾರಿ ಇಳಿದವು.

"ಸೂಲಗಿತ್ತಿ ಕೆಲಸ ಸಹ ಕಲ್ತಿದ್ದೀರಾ ಮಾರಾಯ್ರೆ?" ಎಂದರು ಯಮುನಕ್ಕ. ಟೀಚರ್ ನನ್ನನ್ನು ಬಿಟ್ಟು, ಬೋಗುಣಿಯನ್ನು ತಮ್ಮ ಬಾಲ್ಕನಿಗೆ ಒಯ್ದರು.

ಈಗ ನನ್ನ ರೆಕ್ಕೆಯ ಅಂಚು ಹರಿದಿದೆ. ಟೀಚರ ಬಾಲ್ಕನಿಯ ಸರಳಿನ ಮೇಲೆ ಕೂತಿರುತ್ತೇನೆ. ಕೆಳಗೆ ಬೋಗುಣಿಯಲ್ಲಿ ಧೂಳಿನಷ್ಟು ಸಣ್ಣ ಜೀವಗಳು ಅಲುಗುತ್ತಿವೆ. ಹಸಿವಾದರೆ ಅವು ಒಂದನ್ನೊಂದು ತಿನ್ನುತ್ತವೆ. ನಾವು ಅಂಥವರು.

"ನನ್ನ ಬೋಗುಣಿ ಯಾವಾಗ ಕೊಡುದು?" ಯಮುನಕ್ಕ ಬಾಗಿಲಲ್ಲಿ ನಿಂತು ಕೇಳಿದರು.

"ಇವುಗಳನ್ನು ಬಿಡ್ಲಿಕ್ಕೆ ಒಂದು ಕೆರೆ ಸಿಕ್ಲಿ."

"ಹಾಗಾದ್ರೆ ಚಪ್ಪಲಿ ಹಾಕಿ. ರಿಕ್ಷಾ ಕರೀತೇನೆ."

ಇಬ್ಬರೂ ಮೆಟ್ಟಿಲಿಳಿದರು. ಹಿಂದೆಯೇ ಹೋಗಬೇಕೆಂದು ರೆಕ್ಕೆ ಬಿಚ್ಚಿದೆ. ಏಳಲಾಗಲಿಲ್ಲ. ನಾನು ಹುಡುಕಬೇಕಾದ ನೀರನ್ನು ಹುಡುಕಿಕೊಂಡು ಇಬ್ಬರು ಹೆಂಗಸರು ಹೊರಟಿದ್ದಾರೆ. ರಿಕ್ಷಾದ ಸದ್ದು ಓಣಿ ತಿರುಗಿ ಮರೆಯಾಗುವವರೆಗೂ ಕೇಳುತ್ತ ಕುಳಿತೆ.